ಹದಿನೈದೋ, ಐವತ್ತೋ

ಕಳೆದ ತಿಂಗಳು ಒಂದು ಬೆಳಿಗ್ಗೆ ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯ ಯಜಮಾನರು ಫೋನ್ ಮಾಡಿ, "ನಿಮ್ಮ ಮೇಡಂ ಹೋಗ್ಬಿಟ್ರು ಕಣಮ್ಮ. ನಿನ್ನೆನೇ ಮಣ್ಣು ಆಯ್ತು. ನಿಮಗೆ ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡಿದ್ದೆ" ಎಂದರು. ನನಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಅವರಿಗೆ ಏನಾಗಬೇಕಿತ್ತು? ಒಂದು ಕಾಲಕ್ಕೆ ಅವರ ಕೈಕೆಳಗೆ ಕೆಲಸ ಮಾಡಿದವಳು. ಅವರಿಂದ ಕೆಲಸ ಕಲಿತವಳು. ಅವರ ಕೆಲಸ ಹೋಗಲು ಕಾರಣಳಾದವಳು. ಈ ಮೂರನೆಯದು ಅವರ ಮನೆಯವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಅವರ ಅನುಮತಿ ಕೇಳಿಲ್ಲ, ಕೇಳಿದ್ದರೂ ಕೊಡುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಆ ಆಫೀಸು ಚಾಮರಾಜಪೇಟೆಯಲ್ಲಿ ಹಾಸಿಗೆ ದಿಂಬಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಂಪನಿ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ, ಏನಾಗಿದೆ, ಏನು ಔಷಧಿ ಕೊಟ್ಟಿದೆ ಎಂಬುದನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ನಾವು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಅದನ್ನು ಅಕ್ಷರಕ್ಕಿಳಿಸಿ ಕಳಿಸಬೇಕು. ನಾನು ಸೇರುವ ಹೊತ್ತಿಗೆ ಮೊದಲ ಕರಡನ್ನು ಕಂಪ್ಯೂಟರೇ ಬರೆದುಕೊಡುವಂತಾಗಿತ್ತು. ಧ್ವನಿ ಕೇಳುತ್ತಾ ಕರಡಿನ ತಪ್ಪು ತಿದ್ದುವುದು ನಮಗೆ ಉಳಿದ ಕೆಲಸ. ಹಾಗೆ ತಿದ್ದಿ ಕಳಿಸಿದ ವರದಿಗಳಲ್ಲಿ ಕೆಲವನ್ನು ಆರಿಸಿ, ಮತ್ತೆ ಕೇಳಿ, ಪರೀಕ್ಷಿಸುವ ವಿಭಾಗಕ್ಕೆ ಮೇಡಂ ಮುಖ್ಯಸ್ಥೆ.

ಆಗ ಅವರಿಗೆ ಐವತ್ತು ದಾಟಿತ್ತು. ಸಣಕಲು ಮೈ, ಗಂಜಿ ಹಾಕಿದ ಕಾಟನ್ ಸೀರೆ, ಹಣೆಯ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ವಿಭೂತಿ. ಅವರ ತಂದೆ, ತಾತ ಎಲ್ಲ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು. ಇವರು ಮಾತ್ರ ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿತು ವಕೀಲರೊಬ್ಬರ ಕಚೇರಿಯಲ್ಲಿದ್ದು, ಆಮೇಲೆ ಈ ಕೆಲಸಕ್ಕೆ ಬಂದಿದ್ದರು. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ, "ಆಗ್ಲಿಲ್ಲ" ಎನ್ನುತ್ತಿದ್ದರು. ಅಲ್ಲಿಗೆ ಆ ವಿಷಯ ಮುಗಿಯುತ್ತಿತ್ತು.

ಮೊದಲ ದಿನ ನನ್ನನ್ನು ಎದುರು ಕೂರಿಸಿಕೊಂಡು ಒಂದು ಹಾಳೆ ಕೊಟ್ಟರು. ಅದರ ತುಂಬ ಶೇಕಡಾವಾರು ಲೆಕ್ಕದ ಇಂಗ್ಲಿಷ್ ವಾಕ್ಯಗಳು. ರಕ್ತದಲ್ಲಿ ಆಮ್ಲಜನಕ ಇಷ್ಟು ಪರ್ಸೆಂಟ್, ಸುಟ್ಟ ಗಾಯ ಮೈಯ ಇಷ್ಟು ಪರ್ಸೆಂಟ್, ಮುಲಾಮು ಇಷ್ಟು ಪರ್ಸೆಂಟಿನದು. ಎಲ್ಲದರಲ್ಲೂ ತಪ್ಪು ಹುಡುಕು ಎಂದರು. ನನಗೆ ಒಂದೂ ಸಿಗಲಿಲ್ಲ.

"ಇಲ್ಲಿ ನೋಡು" ಎಂದು ಪೆನ್ಸಿಲ್ ತುದಿಯಿಂದ ತೋರಿಸಿದರು. "ಅಂಕಿಗೂ ಪರ್ಸೆಂಟ್ ಗುರುತಿಗೂ ನಡುವೆ ಜಾಗ ಬಿಟ್ಟಿದೆ. ಬಿಡ್ಬಾರ್ದು. ಸಾಲಿನ ಕೊನೇಲಿ ಅಂಕಿ ಒಂದ್ ಕಡೆ, ಗುರುತು ಕೆಳಗಿನ ಸಾಲಲ್ಲಿ ಒಂದ್ ಕಡೆ ಆಗೋಗತ್ತೆ. ಇಲ್ಲಿ ಬರೀ ಪಾಯಿಂಟ್ ಫೈವ್ ಅಂತಿದೆ. ಮುಂದೆ ಸೊನ್ನೆ ಎಲ್ಲಿ? ಫ್ಯಾಕ್ಸಲ್ಲಿ ಹೋಗೋವಾಗ ಆ ಚುಕ್ಕಿ ಅಳಿಸೋದ್ರೆ ಅರ್ಧ ಪರ್ಸೆಂಟಿನ ಮುಲಾಮು ಐದು ಪರ್ಸೆಂಟ್ ಆಯ್ತು. ಇಲ್ಲಿ ಇಪ್ಪತ್ತರಿಂದ ಮೂವತ್ತು ಪರ್ಸೆಂಟ್ ಅಂತಿದೆ. ಗುರುತು ಎರಡಕ್ಕೂ ಬೇಕು. ಅಂಕಿಯಿಂದ ವಾಕ್ಯ ಶುರು ಮಾಡೋ ಹಾಗಿಲ್ಲ, ತಿರುಗಿಸಿ ಬರಿ. ಕೊನೇದಾಗಿ ಇದು. ಡಾಕ್ಟರು ನಲವತ್ತೆರಡು ಅಂದಿದಾರೆ ಅಷ್ಟೆ, ಪರ್ಸೆಂಟ್ ಅಂದಿಲ್ಲ. ನೀನ್ಯಾಕೆ ಸೇರಿಸ್ದೆ?"

"ಬರೆದಿರೋದು ನಾನಲ್ಲ ಮೇಡಂ, ನೀವೇ ಕೊಟ್ಟಿದ್ದು" ಎಂದೆ.

"ಓದಿ ಸುಮ್ನೆ ಬಿಟ್ಯಲ್ಲ, ಆಗ ಅದು ನಿನ್ನದೇ ಆಯ್ತು" ಎಂದರು.

ಈ ನಿಷ್ಠುರ ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಒಂದು ಖಾಲಿ ಜಾಗಕ್ಕಾಗಿ ವರದಿಯನ್ನು ಮೂರು ಸಲ ವಾಪಸು ಕಳಿಸಿ ಒಬ್ಬಳನ್ನು ಅಳಿಸಿದ್ದರು. ಬೆನ್ನ ಹಿಂದೆ ಅವರಿಗೆ ಪರ್ಸೆಂಟ್ ಆಂಟಿ ಎಂಬ ಹೆಸರಿತ್ತು. ನಾನೂ ಹಾಗೆ ಕರೆದು ನಕ್ಕಿದ್ದೇನೆ. ಯಾರಾದರೂ ಮಾತಿನ ಭರದಲ್ಲಿ, "ನಾಳೆ ನೈಂಟಿ ಪರ್ಸೆಂಟ್ ಬರ್ತೀನಿ ಮೇಡಂ" ಎಂದರೆ, "ಮಿಕ್ಕಿದ್ದು ಎಲ್ಲಿರತ್ತೆ, ಮನೇಲಾ?" ಎನ್ನುತ್ತಿದ್ದರು. ತಮಾಷೆಯೋ ಸಿಟ್ಟೋ ಮುಖ ನೋಡಿ ಹೇಳುವಂತಿರಲಿಲ್ಲ.

ಸೋಮವಾರದ ಪೂಜೆಗೆ ಬಿಲ್ವಪತ್ರೆ ತರಲು ಭಾನುವಾರ ಗಾಂಧಿ ಬಜಾರಿಗೆ ಹೋಗುವುದು ಅವರ ರೂಢಿ. ನಮ್ಮ ಮನೆ ಅಲ್ಲಿಗೆ ಹತ್ತಿರವಾದ್ದರಿಂದ ಕೆಲವು ಸಲ ಜೊತೆಯಾಗುತ್ತಿದ್ದೆ. ಒಮ್ಮೆ ಸೀರೆ ಅಂಗಡಿಯ ಮುಂದೆ ರಿಯಾಯಿತಿಯ ದೊಡ್ಡ ಬ್ಯಾನರು ಕಟ್ಟಿದ್ದರು. ಐವತ್ತು ಎಂಬ ಅಂಕಿ ಒಂದು ಕಂಬದ ಬಳಿ, ಪರ್ಸೆಂಟ್ ಗುರುತು ಇನ್ನೊಂದು ಕಂಬದ ಬಳಿ. ಮೇಡಂ ಅಲ್ಲೇ ನಿಂತುಬಿಟ್ಟರು. ನಾನು ಕೈ ಹಿಡಿದು ಎಳೆದೆ. "ಹೇಳಲ್ಲ ಕಣೇ, ನೋಡ್ತೀನಿ ಅಷ್ಟೆ" ಎಂದು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ.

ಇನ್ನೊಂದು ವಿಷಯ ನೆನಪಿದೆ. ಧ್ವನಿಯನ್ನು ಹಿಂದೆ ಮುಂದೆ ಓಡಿಸಲು ನಮ್ಮ ಮೇಜಿನ ಕೆಳಗೆ ಒಂದು ಪೆಡಲ್ ಇರುತ್ತದೆ, ಕಾಲಲ್ಲಿ ಒತ್ತುವಂಥದ್ದು. ಇಪ್ಪತ್ತು ವರ್ಷ ಅದನ್ನು ಒತ್ತಿ ಒತ್ತಿ ಮೇಡಂ ಅವರ ಬಲಗಾಲಿಗೆ ಅದೇ ಅಭ್ಯಾಸವಾಗಿತ್ತು. ಊಟದ ಹೊತ್ತಿನಲ್ಲಿ ಯಾರಾದರೂ ಗಡಿಬಿಡಿಯಲ್ಲಿ ಏನಾದರೂ ಹೇಳಿದರೆ, ಬೆಂಚಿನ ಕೆಳಗೆ ಅವರ ಪಾದ ತಾನಾಗಿಯೇ ನೆಲ ಒತ್ತುತ್ತಿತ್ತು. ಮಾತನ್ನು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಬೇಕಾದವರ ಹಾಗೆ.

ಇಷ್ಟೊಂದು ಕಟ್ಟುನಿಟ್ಟಿಗೆ ಹಿಂದೆ ಏನೋ ದುಃಖ ಇರಬೇಕೆಂದು ನನಗೆ ಅನ್ನಿಸುತ್ತಿತ್ತು. ಯಾರೋ ಹತ್ತಿರದವರು ಔಷಧಿಯ ಎಡವಟ್ಟಿನಿಂದ ಹೋಗಿರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿಯೂಬಿಟ್ಟೆ.

"ಅಯ್ಯೋ, ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ ಕಣೇ" ಎಂದರು. "ಅಲ್ಲಿ ಯಾರೋ ಮಲಗಿರ್ತಾರೆ. ಅವರ ಮುಖ ನಾವು ನೋಡಲ್ಲ, ನಮ್ಮ ಮುಖ ಅವರು ನೋಡಲ್ಲ. ಸರಿಯಾಗಿ ಬರೀಬೇಕು. ಅದಕ್ಕೆ ಒಂದು ಕಥೆ ಬೇರೆ ಬೇಕಾ?"

ಅವರು ಕಲಿಸಿದ ನಿಯಮಗಳಲ್ಲಿ ಒಂದು ಎಲ್ಲಕ್ಕಿಂತ ಮೇಲಿನದು. ಕೇಳಿಸದಿದ್ದರೆ ಊಹಿಸಬಾರದು. ಜಾಗ ಖಾಲಿ ಬಿಟ್ಟು, ಇಲ್ಲಿ ಅನುಮಾನವಿದೆ ಎಂದು ಗುರುತು ಹಾಕಿ ಕಳಿಸಬೇಕು. ಡಾಕ್ಟರೇ ನೋಡಿ ತುಂಬುತ್ತಾರೆ. ಆದರೆ ಕಂಪನಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಖಾಲಿ ಬಿಟ್ಟಷ್ಟೂ ನಮ್ಮ ಅಂಕ ಇಳಿಯುತ್ತಿತ್ತು. ಕರಡಿನ ಅಂಕಿಯನ್ನು ಬದಲಿಸಿದರೂ ಅದೇ ಗುರುತು ಹಾಕಲೇಬೇಕು, ಅಂಕ ಇಳಿಯುವುದೂ ಅಷ್ಟೇ. ಅಂಕ ಇಳಿದರೆ ಎಚ್ಚರಿಕೆ ಪತ್ರ. ಮೂರು ಪತ್ರವಾದರೆ ಮನೆಗೆ. ಇದರ ಬಗ್ಗೆ ಮೇಡಂ ಮ್ಯಾನೇಜರ ಜೊತೆ ಎಷ್ಟು ಸಲ ವಾದ ಮಾಡಿದ್ದರೋ.

ನಾನು ಸೇರಿ ಆರು ವರ್ಷವಾಗಿತ್ತು. ಆ ವರ್ಷ ನನ್ನ ಫೈಲಿನಲ್ಲಿ ಎರಡು ಎಚ್ಚರಿಕೆ ಪತ್ರಗಳು ಸೇರಿದ್ದವು. ನನ್ನ ಗಂಡ ಆಗ ಕೆಲಸ ಕಳೆದುಕೊಂಡು ಮನೆಯಲ್ಲಿದ್ದರು. ಒಂದು ಮಂಗಳವಾರ ನನ್ನ ಪಾಲಿಗೆ ಹೃದ್ರೋಗಿಯೊಬ್ಬರ ವರದಿ ಬಂತು. ಹೃದಯ ಒಂದೊಂದು ಬಡಿತಕ್ಕೂ ಶೇಕಡಾ ಎಷ್ಟು ರಕ್ತವನ್ನು ಹೊರಕ್ಕೆ ತಳ್ಳುತ್ತದೆ ಎಂಬ ಅಳತೆ ಇಂಥ ವರದಿಗಳಲ್ಲಿ ಇರುತ್ತದೆ. ಐವತ್ತೋ ಅದಕ್ಕೆ ಮೇಲೋ ಇದ್ದರೆ ಹೆಚ್ಚು ಯೋಚನೆಯಿಲ್ಲ. ಹದಿನೈದಕ್ಕೆ ಇಳಿದಿದ್ದರೆ ಹೃದಯ ಸೋತಿದೆ ಎಂದರ್ಥ. ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಅವಸರದಲ್ಲಿ ಹೇಳಿದರೆ ಒಂದೇ ತರಹ ಕೇಳಿಸುತ್ತವೆ. ಆ ಡಾಕ್ಟರು ಅವಸರದಲ್ಲೇ ಹೇಳಿದ್ದರು, ಹಿಂದೆ ಯಾವುದೋ ಗಾಡಿ ತಳ್ಳುವ ಸದ್ದು. ಕಂಪ್ಯೂಟರು ಕರಡಿನಲ್ಲಿ ಐವತ್ತು ಎಂದು ಬರೆದಿತ್ತು. ಅಂಕಿಗೆ ಅಂಟಿಕೊಂಡು ಗುರುತು, ನಡುವೆ ಜಾಗವಿಲ್ಲ. ಮೇಡಂ ಹೇಳಿಕೊಟ್ಟ ಎಲ್ಲ ನಿಯಮಕ್ಕೂ ಒಪ್ಪುವ ಹಾಗಿತ್ತು. ನಾನು ಪೆಡಲ್ ಒತ್ತಿ ಒಂದು ಸಲ ಹಿಂದೆ ಹೋದೆ, ಕೇಳಿದೆ, ಕಳಿಸಿಬಿಟ್ಟೆ.

ಗುರುವಾರ ಪರೀಕ್ಷೆಗೆಂದು ಮೇಡಂ ಆರಿಸಿದ ವರದಿಗಳಲ್ಲಿ ಅದೂ ಇತ್ತು. ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ನಿಂತರು.

"ಇದು ನಿನ್ನದಲ್ವಾ? ಬಾ, ಒಂದ್ಸಲ ಕೇಳು."

ಅವರ ಜಾಗಕ್ಕೆ ಹೋಗಿ ಕೇಳಿದೆ. "ಏನು ಅಂತಾರೆ?" ಎಂದರು. ನಾನು ಹೆಡ್‌ಫೋನ್ ತೆಗೆದು ಅವರ ಕೈಗೆ ಕೊಟ್ಟೆ. ಅವರು ಮತ್ತೆ ಕಣ್ಣು ಮುಚ್ಚಿ ಕೇಳಿದರು. "ಹದಿನೈದು ಕಣೇ ಇದು. ಔಷಧಿ ನೋಡು, ಎಷ್ಟೊಂದು ಬರ್ದಿದಾರೆ. ಐವತ್ತಿರೋ ಹೃದಯಕ್ಕೆ ಇಷ್ಟೆಲ್ಲ ಯಾಕೆ?"

ಇಬ್ಬರೂ ಮ್ಯಾನೇಜರ ಕೋಣೆಗೆ ಹೋದೆವು. ಆ ವರದಿ ಬಂದಿದ್ದ ಆಸ್ಪತ್ರೆಯ ಜೊತೆಗಿನ ಒಪ್ಪಂದ ನವೀಕರಣವಾಗುವ ವಾರ ಅದು. ಮ್ಯಾನೇಜರು ಸ್ಪೀಕರಿನಲ್ಲಿ ಹಾಕಿ ಎರಡು ಸಲ ಕೇಳಿದರು.

"ಕ್ಲಿಯರ್ ಇಲ್ಲ ಮೇಡಂ. ಆ ಕಡೆಯಿಂದ ಕಂಪ್ಲೇಂಟೂ ಬಂದಿಲ್ಲ. ನಾವಾಗೇ ಹೋಗಿ ತಪ್ಪಾಯ್ತು ಅನ್ನೋದು ಯಾಕೆ?"

"ಕ್ಲಿಯರ್ ಇಲ್ಲ ಅಂದ್ರೆ ಹಾಗಂತನೇ ತಿಳಿಸ್ಬೇಕು ಸರ್. ಆ ಪೇಷಂಟನ್ನ ಇನ್ನೊಬ್ಬ ಡಾಕ್ಟರು ಈ ಅಂಕಿ ನೋಡ್ಕೊಂಡೇ ನೋಡ್ತಾರೆ."

"ನಾವು ಡಾಕ್ಟರ್‌ಗಳಲ್ಲ ಮೇಡಂ."

"ಅದಕ್ಕೇ ಡಾಕ್ಟರನ್ನ ಕೇಳೋಣ ಅಂತಿದೀನಿ."

ಮ್ಯಾನೇಜರು ನನ್ನ ಕಡೆ ತಿರುಗಿದರು. "ತಿದ್ದಿದ್ದು ನೀವು. ನೀವ್ ಹೇಳಿ, ನಿಮಗೇನು ಕೇಳ್ಸುತ್ತೆ?"

ಮೇಡಂ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಒತ್ತಾಯವಿರಲಿಲ್ಲ. ನಾನು ಸರಿಯಾಗಿ ಹೇಳುತ್ತೇನೆಂಬ ನಂಬಿಕೆಯಿತ್ತು.

"ಫಿಫ್ಟಿ ಅಂತಾನೇ ಕೇಳ್ಸುತ್ತೆ ಸರ್" ಎಂದೆ.

"ಸರಿ, ಮುಗೀತಲ್ಲ" ಎಂದರು ಮ್ಯಾನೇಜರು.

ಮೇಡಂ ಎದ್ದು ಹೊರಬಂದರು. ಸಂಜೆ ಏಳೂವರೆಗೆ, ಅಲ್ಲಿ ಬೆಳಗಾಗಿ ಆಸ್ಪತ್ರೆಯ ಕಚೇರಿ ತೆರೆಯುವ ಹೊತ್ತು, ಅವರು ಆಫೀಸಿನ ಫೋನಿನಿಂದ ನೇರವಾಗಿ ಆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿದರು. ನಮ್ಮಲ್ಲಿ ಯಾರೂ ಹಾಗೆ ಮಾಡುವಂತಿರಲಿಲ್ಲ. ಆಸ್ಪತ್ರೆಯವರ ಜೊತೆ ಮಾತು ಏನಿದ್ದರೂ ಮ್ಯಾನೇಜರ ಮೂಲಕವೇ ನಡೆಯಬೇಕು. ನಾನು ಎರಡು ಮೇಜಿನಾಚೆ ಚೀಲ ತುಂಬಿಕೊಳ್ಳುತ್ತಿದ್ದೆ. ವರದಿಯ ಸಂಖ್ಯೆಯನ್ನು ಅವರು ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದ್ದು ಕೇಳಿಸಿತು. ನಾವು ಐವತ್ತು ಎಂದು ಬರೆದಿದ್ದೇವೆ, ನನ್ನ ಕಿವಿಗೆ ಹದಿನೈದು ಎಂದು ಕೇಳಿಸುತ್ತದೆ, ದಯವಿಟ್ಟು ಡಾಕ್ಟರಿಂದ ನೋಡಿಸಿ ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಫೋನಿಟ್ಟ ಮೇಲೆ ನನ್ನ ಕಡೆ ನೋಡಿ, "ಹೊರಡು, ಬಸ್ ತಪ್ಪತ್ತೆ" ಎಂದರು.

ಮರುದಿನ, ತಮ್ಮ ಕಿವಿಯೇ ತಪ್ಪಿತ್ತೆಂದು ಬರೆದುಕೊಟ್ಟರೆ ವಿಷಯ ಇಲ್ಲಿಗೇ ಬಿಡುತ್ತೇವೆ ಎಂದು ಮ್ಯಾನೇಜರು ಮೇಡಂಗೆ ಹೇಳಿದರಂತೆ. ಅವರು ಬರೆದುಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಮ್ಮ ನೀರಿನ ಬಾಟಲಿ, ಊಟದ ಡಬ್ಬಿ, ಕುರ್ಚಿಗೆ ಹಾಕಿಕೊಂಡಿದ್ದ ದಿಂಬು ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ನಾನು ಆ ಹೊತ್ತಿಗೆ ಬೇಕೆಂದೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಅದರಲ್ಲಿ ಏನೂ ಓಡುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಆಸ್ಪತ್ರೆಯಿಂದ ಮೇಲ್ ಬಂತು. ಡಾಕ್ಟರು ನೋಡಿದ್ದರು. ಸರಿಯಾದ ಅಂಕಿ ಹದಿನೈದು. ಮ್ಯಾನೇಜರು ಅದರ ಕೆಳಗೆ, ಅಂಕಿಗಳ ಬಗ್ಗೆ ಎಲ್ಲರೂ ಗಮನ ಕೊಡಿ ಎಂದು ಒಂದು ಸಾಲು ಸೇರಿಸಿ ಎಲ್ಲರಿಗೂ ಕಳಿಸಿದರು. ನನಗೆ ಎಚ್ಚರಿಕೆ ಪತ್ರ ಬರಲಿಲ್ಲ. ಕೊಟ್ಟರೆ ಮ್ಯಾನೇಜರು ತಮ್ಮ ತೀರ್ಮಾನವೂ ತಪ್ಪೆಂದು ಒಪ್ಪಬೇಕಾಗುತ್ತಿತ್ತು. ಮೇಡಂ ಅವರನ್ನು ಯಾರೂ ವಾಪಸು ಕರೆಯಲಿಲ್ಲ. ಆ ನಡುವಿನ ದಿನಗಳಲ್ಲಿ ಆ ರೋಗಿಗೆ ಏನಾಯಿತು, ತಪ್ಪು ಅಂಕಿ ನಂಬಿ ಅವನಿಗೆ ಯಾರು ಏನು ಕೊಟ್ಟರು, ಬದುಕಿದನೋ ಇಲ್ಲವೋ, ಯಾವುದೂ ನಮ್ಮವರೆಗೆ ಬರಲಿಲ್ಲ. ಮೇಡಂಗೆ ಫೋನ್ ಮಾಡಬೇಕೆಂದು ನಂಬರು ತೆಗೆಯುವುದು, ಇಟ್ಟುಬಿಡುವುದು. ಹೀಗೇ ಎರಡು ವರ್ಷ ಹೋಯಿತು.

ತಂಗಿಯ ಮದುವೆ ಗೊತ್ತಾಯಿತು. ಕಾರ್ಡ್ ಮಾಡಿಸಲು ಸುಲ್ತಾನ್‌ಪೇಟೆಗೆ ಹೋದೆ. ಒಂದು ಅಂಗಡಿಯಲ್ಲಿ ನಮೂನೆ ಆರಿಸಿ ಹೆಸರುಗಳ ಪಟ್ಟಿ ಕೊಟ್ಟಾಗ ಯಜಮಾನರು, "ಒಳಗೆ ನಮ್ಮ ಅಮ್ಮಾವ್ರಿದಾರೆ, ಪ್ರೂಫ್ ಅವರ ಹತ್ರ ನೋಡಿಸ್ಕೊಳ್ಳಿ. ಅವರು ಬಂದ್ಮೇಲೆ ಒಂದು ಕಾರ್ಡೂ ವಾಪಸ್ ಬಂದಿಲ್ಲ" ಎಂದರು.

ಕಾರ್ಡಿನ ಕಟ್ಟುಗಳ ನಡುವೆ ಸಣ್ಣ ಮೇಜು. ಮೇಡಂ ಕೂತಿದ್ದರು. ಕೂದಲು ಪೂರ್ತಿ ಬಿಳಿಯಾಗಿತ್ತು.

"ಏನೇ, ನೀನಾ!" ಎಂದರು. ಮುಖ ಅರಳಿತು. "ಯಾರ ಮದುವೆ? ತಂಗೀದಾ? ಕೂತ್ಕೋ." ನಾನು ಕೂರುವಷ್ಟರಲ್ಲೇ ದನಿ ತಗ್ಗಿಸಿ ಕೇಳಿದರು, "ಆ ಪೇಷಂಟ್ ಏನಾದ್ರು, ಗೊತ್ತಾಯ್ತಾ?"

"ಗೊತ್ತಾಗ್ಲಿಲ್ಲ ಮೇಡಂ. ಆದ್ರೆ ನೀವು ಹೇಳಿದ್ದೇ ಸರಿ. ಹದಿನೈದೇ ಅಂತ ಆಸ್ಪತ್ರೆಯಿಂದ ಬಂತು."

ಅವರು ಪೆನ್ನು ಕೆಳಗಿಟ್ಟರು. "ಯಾವಾಗ ಬಂತು?"

"ನೀವು ಹೋದ್ಮೇಲೆ. ನಾಲ್ಕೇ ದಿನಕ್ಕೆ."

"ನಂಗ್ಯಾರೂ ಹೇಳ್ಲಿಲ್ಲ" ಎಂದರು. ಮತ್ತೆ, "ಯಾರೂ ಹೇಳ್ಲಿಲ್ವಲ್ಲೇ. ಎರಡು ವರ್ಷದಿಂದ ಯೋಚ್ನೆ ಮಾಡ್ತಿದೀನಿ, ನನ್ನ ಕಿವೀನೇ ಹೋಯ್ತೇನೋ ಅಂತ. ನಿನಗೂ ಫಿಫ್ಟಿ ಅಂತ ಕೇಳಿಸ್ತಲ್ಲ. ನಿನ್ನ ಕಿವಿ ಚುರುಕು, ನಾನೇ ಪಳಗಿಸಿದ್ದು. ಕಿವಿ ಡಾಕ್ಟರ ಹತ್ರ ಟೆಸ್ಟ್ ಬೇರೆ ಮಾಡಿಸ್ದೆ" ಎಂದರು.

ಅಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದಿದ್ದರೆ ಅವರ ಪ್ರೀತಿಯಾದರೂ ಉಳಿಯುತ್ತಿತ್ತು. ಆದರೆ ತಮ್ಮ ಕಿವಿಯನ್ನು ತಾವೇ ಅನುಮಾನಿಸಿಕೊಂಡು ಅವರು ಡಾಕ್ಟರ ಮುಂದೆ ಕೂತಿದ್ದು ಕಣ್ಣಿಗೆ ಕಟ್ಟಿ ನನಗೆ ತಡೆಯಲಾಗಲಿಲ್ಲ.

"ಮೇಡಂ, ನನಗೂ ಹದಿನೈದು ಅಂತಾನೇ ಕೇಳಿಸಿತ್ತು."

"ಯಾವಾಗ? ಮ್ಯಾನೇಜರ ರೂಮಲ್ಲಾ?"

"ಅಲ್ಲೂ ಕೇಳಿಸ್ತು. ಮಂಗಳವಾರ ತಿದ್ದೋವಾಗ್ಲೂ ಕೇಳಿಸ್ತು. ಮೊದಲ್ನೇ ಸಲನೇ."

ಅವರು ನನ್ನ ಮುಖ ನೋಡುತ್ತಲೇ ಇದ್ದರು. ಮೇಜಿನ ಕೆಳಗೆ ಅವರ ಕಾಲು ಅಲುಗಲಿಲ್ಲ. ಹೊರಗೆ ಯಜಮಾನರು ಯಾರಿಗೋ ಗಣಪತಿಯ ಚಿತ್ರವಿರುವ ಕಾರ್ಡ್ ತೋರಿಸುತ್ತಿದ್ದರು. ಮೇಡಂ ನನ್ನ ಪಟ್ಟಿಯನ್ನು ಎದುರಿಗೆ ಎಳೆದುಕೊಂಡರು.

"ಹುಡುಗನ ಹೆಸರಲ್ಲಿ ಇದು ದೀರ್ಘನಾ, ಹ್ರಸ್ವನಾ?" ಎಂದು ಕೇಳಿದರು. ನಾನು ಹೇಳಿದೆ. ಎಲ್ಲ ಹೆಸರನ್ನೂ ಒಂದೊಂದಾಗಿ ಓದಿ, ಮುಹೂರ್ತದ ಗಂಟೆ, ಛತ್ರದ ವಿಳಾಸ ಎರಡೆರಡು ಸಲ ಕೇಳಿ ಸರಿಮಾಡಿದರು. ಕಾರ್ಡಿನಲ್ಲಿ ಒಂದೂ ತಪ್ಪಿರಲಿಲ್ಲ. ಮದುವೆಗೆ ಕರೆದಿದ್ದೆ, ಅವರು ಬರಲಿಲ್ಲ.

ಮದುವೆ ಮುಗಿದ ಮೇಲೆ ಕಂಪನಿಗೆ ಒಂದು ಪತ್ರ ಬರೆದೆ. ಆ ಮ್ಯಾನೇಜರು ಅಷ್ಟರಲ್ಲಿ ಬೇರೆಡೆಗೆ ಹೋಗಿದ್ದರು, ನಾನೂ ಕೆಲಸ ಬಿಟ್ಟಿದ್ದೆ. ನಡೆದದ್ದನ್ನೆಲ್ಲ ಬರೆದು, ಮೇಡಂ ಮಾಡಿದ್ದು ಸರಿಯೆಂದು ಅವರ ದಾಖಲೆಯಲ್ಲಿ ಸೇರಿಸಬೇಕೆಂದು ಕೇಳಿದ್ದೆ. ಕಳಿಸುವ ಮೊದಲು ಅವರಿಗೆ ತೋರಿಸೋಣವೆಂದು ಅಂಗಡಿಗೆ ಹೋದೆ.

"ಬನ್ನಿ" ಎಂದರು.

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ.

"ಕೂತ್ಕೊಳ್ಳಿ. ಏನಾಗ್ಬೇಕಿತ್ತು?"

ಪತ್ರ ಕೊಟ್ಟೆ. ಕನ್ನಡಕ ಏರಿಸಿ, ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಕೆಳಗೆ ಸರಿಸುತ್ತಾ ಓದಿದರು. ಎರಡನೇ ಪ್ಯಾರಾದಲ್ಲಿ ಪೆನ್ನು ನಿಂತಿತು. ಅಲ್ಲಿ ನಾನು, ಆ ಅಂಕಿಯ ಬಗ್ಗೆ ನನಗೆ ಆಗ ಖಚಿತವಿರಲಿಲ್ಲ ಎಂದು ಬರೆದಿದ್ದೆ.

"ಖಚಿತ ಇರ್ಲಿಲ್ವಾ?" ಎಂದರು, ತಲೆಯೆತ್ತದೆ.

"ಇತ್ತು" ಎಂದೆ.

ಅವರು ಆ ವಾಕ್ಯದ ಮೇಲೆ ನೇರವಾಗಿ ಒಂದು ಗೆರೆ ಎಳೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ಹಾಗೇ ಬರೀರಿ."

ಅಲ್ಲೇ ಕೂತು ಹೊಸದಾಗಿ ಬರೆದೆ. ಇನ್ನೊಮ್ಮೆ ಪೂರ್ತಿ ಓದಿ, "ಈಗ ಸರಿಯಾಗಿದೆ. ಕಳ್ಸಿ" ಎಂದು ವಾಪಸು ಕೊಟ್ಟರು. ಬಾಗಿಲಲ್ಲಿ ನಿಂತು, ಹೋಗಿ ಬರ್ತೀನಿ ಮೇಡಂ ಎಂದೆ. "ಆಯ್ತು" ಎಂದರು. ಆಗಲೇ ಅವರ ಎದುರು ಯಾರದೋ ಗೃಹಪ್ರವೇಶದ ಪ್ರೂಫ್ ಇತ್ತು.

ತಿಂಗಳಾದ ಮೇಲೆ ಕಂಪನಿಯಿಂದ ಉತ್ತರ ಬಂತು. ಪತ್ರ ತಲುಪಿದೆ, ದಾಖಲೆಗೆ ಸೇರಿಸಿದ್ದೇವೆ ಎಂದು ಎರಡು ಸಾಲು. ಅದನ್ನು ಅವರಿಗೆ ತೋರಿಸಬೇಕಿತ್ತು. ಒಂದು ದಿನ ಸುಲ್ತಾನ್‌ಪೇಟೆಯ ತನಕ ಹೋದೆ ಕೂಡ. ಎದುರು ಬದಿಯಿಂದ ನೋಡಿದರೆ ಅಂಗಡಿಯೊಳಗೆ ಅವರ ಬಿಳಿ ತಲೆ ಕಾಣುತ್ತಿತ್ತು. ರಸ್ತೆ ದಾಟಲಾಗಲಿಲ್ಲ. ಇನ್ನೊಂದು ಸಲ ಅವರ ಬಾಯಲ್ಲಿ "ಬನ್ನಿ" ಎನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.